ಕೆಲಸವಿಲ್ಲದ ಊರು

ಚಂದ್ರಪ್ರಭಾ ಮಾವಿನ ಹಣ್ಣು ತಿಂದು ಮೂವತ್ತೆಂಟು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ, ಹಣ್ಣು ಮೈಗೆ ಒಗ್ಗುವುದಿಲ್ಲ ಎಂದೂ ಅಲ್ಲ. ಹೊಳೆನರಸೀಪುರದ ತವರಿನ ಹಿತ್ತಲಲ್ಲಿ ಮರ ಹತ್ತಿ ಕೂತು, ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದು ಬೆಳೆದವಳು. ಅಂಥವಳು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಾಗಿ ಮೂರು ತಿಂಗಳು ತುಂಬುವುದರೊಳಗೆ, ಶ್ರವಣಬೆಳಗೊಳದಲ್ಲಿ ಜೈನ ಮುನಿಗಳ ಮುಂದೆ ಕೈಮುಗಿದು ಮಾವು ಬಿಟ್ಟಳು. ಹಣ್ಣು ಮಾತ್ರ, ಕಾಯಿ ಅಲ್ಲ. ಸಿಟ್ಟು ಎಷ್ಟೇ ನೆತ್ತಿಗೇರಿದ್ದರೂ ಉಪ್ಪಿನಕಾಯಿ ಇಲ್ಲದೆ ಬದುಕು ಸಾಗುವುದಿಲ್ಲ ಎನ್ನುವಷ್ಟು ವಿವೇಕ ಅವಳಿಗೆ ಆಗಲೂ ಇತ್ತು.

ಸಿಟ್ಟಿಗೆ ಕಾರಣ ಗಂಡ ನೇಮಿರಾಜ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ಅವನ ಪಾತ್ರೆ ಅಂಗಡಿ. ಹೊಸ ಮದುಮಕ್ಕಳು ಒಂದು ದಿನ ಮೈಸೂರು ನೋಡಿಕೊಂಡು ಬರಲಿ ಎಂದು ಅತ್ತೆಯೇ ಕಳಿಸಿದ್ದರು. ಅರಮನೆ, ಝೂ, ಸಂಜೆಗೆ ಬೃಂದಾವನದ ದೀಪ. ಬಸ್ಸಿನ ಕಿಟಕಿ ಪಕ್ಕ ಕೂತು ಚಂದ್ರಪ್ರಭಾ ಅಷ್ಟನ್ನೂ ಮನಸ್ಸಿನಲ್ಲೇ ಒಂದು ಸುತ್ತು ನೋಡಿ ಮುಗಿಸಿದ್ದಳು. ಬಸ್ಸಿಳಿದ ಕೂಡಲೇ ನೇಮಿರಾಜ, “ಒಂದೇ ನಿಮಿಷ, ನಮ್ಮ ಸಗಟು ಅಂಗಡಿಯವರು ಇಲ್ಲೇ ಇದ್ದಾರೆ, ಮುಖ ತೋರಿಸಿ ಬಂದ್ಬಿಡೋಣ” ಅಂದ. ಆ ಒಂದು ನಿಮಿಷ ಮುಗಿದದ್ದು ಸಂಜೆ ಐದಕ್ಕೆ. ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಅವಳು ಒಂದು ಗೋಣಿಮೂಟೆಯ ಮೇಲೆ ಕೂತು, ಗಂಡ ಒಂದೊಂದಾಗಿ ಕೊಡುತ್ತಿದ್ದ ಸೌಟುಗಳನ್ನು ಎಣಿಸಿದಳು. ಹನ್ನೆರಡು ಡಜನ್. ಕೊನೆಯ ಬಸ್ಸಿಗೆ ಅವೇ ಸೌಟುಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದಳು.

ಮುಂದಿನ ಭಾನುವಾರ ಬೆಳಗೊಳಕ್ಕೆ ಮುನಿಗಳು ಬಂದಿದ್ದರು. ಅವರ ದರ್ಶನಕ್ಕೆ ಹೋದವರು ಏನಾದರೂ ಒಂದನ್ನು ಬಿಟ್ಟು ಬರುವುದು ಪದ್ಧತಿ. ಅದಕ್ಕೆ ನಿಯಮ ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಲವರು ಜೀವ ಇರುವವರೆಗೆ ಬಿಡುತ್ತಾರೆ, ಕೆಲವರು ಇಂಥದ್ದು ಆಗುವವರೆಗೆ ಎಂದು ಗಡುವು ಹಾಕಿಕೊಳ್ಳುತ್ತಾರೆ. ಅವತ್ತು ಒಬ್ಬರು ಆಲೂಗಡ್ಡೆ ಬಿಟ್ಟರು, ಒಬ್ಬರು ಸಿನಿಮಾ ಬಿಟ್ಟರು. ಇನ್ನೊಬ್ಬರು ಕೋಪ ಬಿಟ್ಟರು, ಅದು ಅವರು ಚಪ್ಪಲಿ ಹುಡುಕುವ ಹೊತ್ತಿಗೆ ವಾಪಸ್ಸು ಬಂತು. ಚಂದ್ರಪ್ರಭಾಳ ಸರದಿ ಬಂದಾಗ, ಗಂಡಸರ ಸಾಲು ದೂರವಿದೆ ಎಂಬ ಧೈರ್ಯದಲ್ಲಿ, ಅವಳು ಸ್ಪಷ್ಟವಾಗಿ ಹೇಳಿದಳು: “ನಮ್ಮ ಯಜಮಾನರು ಯಾವ ಕೆಲಸಾನೂ ಇಟ್ಕೊಳ್ಳದೆ, ಬರೀ ನೋಡೋಕೆ ಅಂತ ನನ್ನ ಒಂದೂರಿಗೆ ಕರ್ಕೊಂಡು ಹೋಗೋವರೆಗೂ ಮಾವಿನ ಹಣ್ಣು ಬಿಟ್ಟೆ.” ಮುನಿಗಳು ಒಂದು ಗಳಿಗೆ ಅವಳ ಮುಖ ನೋಡಿ, ನವಿಲುಗರಿಯ ಪಿಂಛಿ ಎತ್ತಿ ಹರಸಿದರು. ಅವರು ನಕ್ಕರೋ ಇಲ್ಲವೋ ಎಂಬುದು ಅವಳಿಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಆರು ತಿಂಗಳಲ್ಲಿ ಮುಗಿಯುವ ನಿಯಮ ಎಂದುಕೊಂಡಿದ್ದಳು. ಮಡದಿಯ ಹಟಕ್ಕೆ ಯಾವ ಗಂಡ ಅದಕ್ಕಿಂತ ಹೆಚ್ಚು ತಡೆಯುತ್ತಾನೆ? ಆದರೆ ಕಾರಣವನ್ನು ಗಂಡನಿಗೆ ಬಾಯಿಬಿಟ್ಟು ಹೇಳುವುದು ಅವಳ ಜಾಯಮಾನವಲ್ಲ. ಹೇಳಿ ಮಾಡಿಸಿಕೊಂಡರೆ ಅದರಲ್ಲೇನು ಹೆಚ್ಚುಗಾರಿಕೆ? ‘ಚಂದ್ರಾಗೆ ಮಾವಿನ ನಿಯಮ’ ಎಂದಷ್ಟೇ ಮನೆಯಲ್ಲೆಲ್ಲ ಗೊತ್ತಿತ್ತು. ನೇಮಿರಾಜ ಮನೆಗೆ ಹಣ್ಣಿನ ಬುಟ್ಟಿ ತರುವುದನ್ನು ನಿಲ್ಲಿಸಿದ. ಅಂಗಡಿಯಲ್ಲೇ ತಿಂದು, ಕೈ ತೊಳೆದು ಬರುತ್ತಿದ್ದ. ಸೋಪಿನ ವಾಸನೆಯ ಕೆಳಗಿಂದ ಮಾವಿನ ವಾಸನೆ ಬರುತ್ತಲೇ ಇರುತ್ತಿತ್ತು.

ಹಾಗೆಂದು ಅವನು ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಮದರಾಸು ನೋಡಿದಳು, ಅಲ್ಲಿ ಸ್ಟೀಲ್ ಕೊಳ್ಳುವುದಿತ್ತು. ಕುಂಭಕೋಣ ನೋಡಿದಳು, ಅಲ್ಲಿ ಹಿತ್ತಾಳೆ ದೀಪ ಕೊಳ್ಳುವುದಿತ್ತು. ಶಿಖರಜಿ ಯಾತ್ರೆಗೆ ಹೋದರು. ಯಾತ್ರೆಯೆಂದರೆ ದೇವರ ಕೆಲಸ, ಅದು ಹೇಗೂ ಲೆಕ್ಕಕ್ಕಿಲ್ಲ. ಅದರಲ್ಲೂ ಬರುವಾಗ ಆ ಮಹಾನುಭಾವ ದಾರಿ ಬಳಸಿ, ಹಿತ್ತಾಳೆಗೆ ಹೆಸರಾದ ಮುರಾದಾಬಾದಿನಲ್ಲಿ ಇಳಿದು “ಒಂದೇ ನಿಮಿಷ” ಅಂದ. ಪ್ರತಿ ಸಲ ಊರಿಗೆ ಬಂದು ಸೂಟ್‌ಕೇಸು ಬಿಚ್ಚುವಾಗ ಚಂದ್ರಪ್ರಭಾ ತಾನೇ ಜಡ್ಜಾಗಿ ಕೂತು ವಿಚಾರಣೆ ನಡೆಸಿ, ‘ಇದೂ ಅಲ್ಲ’ ಎಂದು ತೀರ್ಪು ಕೊಡುತ್ತಿದ್ದಳು.

ಬೇಸರದ ಸಂಗತಿಯೆಂದರೆ, ಅವಳು ಮನಸ್ಸು ಸೋತದ್ದೂ ಆ ಪಾತ್ರೆ ವ್ಯಾಪಾರಿಗೇ. ಅಕ್ಕನ ಮದುವೆಗೆ ಪಾತ್ರೆ ಕೊಳ್ಳಲು ಅಪ್ಪನ ಜೊತೆ ಚನ್ನರಾಯಪಟ್ಟಣಕ್ಕೆ ಬಂದಿದ್ದಳು. ಗಲ್ಲಾದಲ್ಲಿದ್ದ ಹುಡುಗ ಒಂದೊಂದು ಕೊಳದಪ್ಪಲೆಯನ್ನೂ ಅಂಗೈ ಮೇಲೆ ಕೂರಿಸಿಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, “ಇದು ಹಾಡುತ್ತೆ, ತಗೊಳ್ಳಿ” ಎನ್ನುತ್ತಿದ್ದ. ಒಂದನ್ನು ತಟ್ಟಿ, “ಇದು ಕೆಮ್ಮುತ್ತೆ, ಬೇಡ” ಎಂದು ತನ್ನದೇ ಅಂಗಡಿಯ ಮಾಲನ್ನು ಪಕ್ಕಕ್ಕಿಟ್ಟ. ಅಪ್ಪ ಎಷ್ಟು ತಿರುಗಿಸಿ ನೋಡಿದರೂ ಸೀಳು ಕಾಣಲಿಲ್ಲ. ನೀರು ಹಾಕಿದ ಮೇಲೆ ಬುಡದಲ್ಲಿ ಒಂದು ಹನಿ ಮೂಡಿತು. ಚಂದ್ರಪ್ರಭಾ ಅವತ್ತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಎರಡು ವರ್ಷದ ಮೇಲೆ ಅದೇ ಹುಡುಗನ ಜಾತಕ ಮನೆಗೆ ಬಂದಾಗ ಅಮ್ಮ ಕೇಳುವುದಕ್ಕೆ ಮೊದಲೇ ತಲೆಯಾಡಿಸಿದ್ದಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನೇಮಿರಾಜ ಅಂಗಡಿ ಮುಚ್ಚಿದ. ಅವನಿಗೆ ಅರವತ್ತೈದು, ಮಂಡಿ ನೋವು. ಒಬ್ಬಳೇ ಮಗಳು ಕ್ಷಮಾ ಹಾಸನದಲ್ಲಿ ಹಲ್ಲಿನ ಡಾಕ್ಟರು, ಅವಳಿಗೆ ಅಂಗಡಿ ಬೇಕಿಲ್ಲ. ಇದ್ದಬದ್ದ ಮಾಲನ್ನೆಲ್ಲ ಅರಕಲಗೂಡಿನ ವ್ಯಾಪಾರಿಯೊಬ್ಬರು ಎರಡು ಲಾರಿಯಲ್ಲಿ ತುಂಬಿಕೊಂಡು ಹೋದರು. ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂತು. ನೇಮಿರಾಜ ಬೆಳಿಗ್ಗೆ ಪೇಪರನ್ನು ಎರಡು ಸಲ ಓದಲು ಶುರುಮಾಡಿದ. ಒಂದು ಮಧ್ಯಾಹ್ನ ಚಂದ್ರಪ್ರಭಾ ಅಡುಗೆಮನೆಗೆ ಬಂದರೆ, ಅವನು ಸ್ಟ್ಯಾಂಡಿನಲ್ಲಿದ್ದ ಸೌಟುಗಳನ್ನು ತೆಗೆದು ಉದ್ದಕ್ಕೆ ಜೋಡಿಸುತ್ತಿದ್ದ. “ಏನ್ರೀ ಇದು?” ಅಂದದ್ದಕ್ಕೆ “ಸುಮ್ನೆ” ಅಂದ.

ಅದಾದ ವಾರಕ್ಕೆ ಒಂದು ಬೆಳಿಗ್ಗೆ ಅವನು ತಿಂಡಿ ತಿನ್ನುತ್ತಾ, “ಚಂದ್ರಾ, ಬ್ಯಾಂಕಾಕಿಗೆ ಹೋಗೋಣ್ವಾ? ಹಾಸನದಿಂದ ಟೂರ್ ಹೊರಡ್ತಾ ಇದೆ. ಅಡುಗೆಯೋರು ಜೊತೆಗೇ ಬರ್ತಾರಂತೆ” ಅಂದ.

“ಅಲ್ಲೇನು ಕೆಲಸ?” ಮೂವತ್ತೆಂಟು ವರ್ಷದ ಅಭ್ಯಾಸ, ಪ್ರಶ್ನೆ ತಾನಾಗಿಯೇ ಬಂತು.

“ಕೆಲಸ ಏನಿಲ್ಲ. ಬರೀ ನೋಡೋಕೆ.”

ಕಾವಲಿಯ ಮೇಲಿನ ದೋಸೆ ಸೀದು ಹೋಯಿತು. ಚಂದ್ರಪ್ರಭಾ ಅದನ್ನು ನೋಡಲೂ ಇಲ್ಲ.

ಬ್ಯಾಂಕಾಕು ಎಂದರೆ ನಮ್ಮ ಕಡೆ ಗಂಡಸರು ಮೀಸೆಯಡಿಯಲ್ಲೇ ನಗುತ್ತಾರೆ. ನೆಂಟರಿಷ್ಟರು ನಕ್ಕರು. “ಹೆಂಡ್ತಿ ಕರ್ಕೊಂಡು ಹೋಗ್ತಿರೋ ಮೊದಲನೇ ಗಂಡಸು ನೀವೇ ಸಾವ್ಕಾರ್ರೇ” ಎಂದು ಪಕ್ಕದ ಅಂಗಡಿಯವನು ಚುಡಾಯಿಸಿದ. ಚಂದ್ರಪ್ರಭಾ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಡುವ ಹಿಂದಿನ ದಿನ ಗಂಡನ ಚೀಲದಲ್ಲಿ ಆರ್ಡರ್ ಪುಸ್ತಕ ಏನಾದರೂ ಅಡಗಿದೆಯೇ ಎಂದು ಮೂಲೆಮೂಲೆ ತಡಕಿದಳು. ಎರಡು ಪಂಚೆ, ಒಂದು ಸ್ವೆಟರ್ ಸಿಕ್ಕವು. ಏಪ್ರಿಲ್ ತಿಂಗಳ ಬ್ಯಾಂಕಾಕಿಗೆ ಸ್ವೆಟರ್ ಇಟ್ಟುಕೊಂಡ ಮನುಷ್ಯನ ಮೇಲೆ ಅವಳಿಗೆ ನಗುವೂ ಅಕ್ಕರೆಯೂ ಒಟ್ಟಿಗೇ ಬಂದವು.

ಹದಿನೆಂಟು ಜನರ ತಂಡ. ಮುಂದಾಳು ಗೌರೀಶ ಎಂಬ ಹಾಸನದ ಯುವಕ, ಕೈಯಲ್ಲಿ ಹಳದಿ ಬಾವುಟ ಹಿಡಿದು, ಎಲ್ಲರನ್ನೂ ಕುರಿ ಎಣಿಸಿದಂತೆ ಎಣಿಸುತ್ತಿದ್ದ. ವಿಮಾನದಲ್ಲಿ ಪಕ್ಕದ ಸೀಟಿಗೆ ಸಿಕ್ಕವರು ರಾಮನಾಥಪುರದ ದೇವರಾಜು, ಅವರ ಹೆಂಡತಿ ನಂಜಮ್ಮ. ಹೊಗೆಸೊಪ್ಪು ಬೆಳೆದು, ಹಗಲೂರಾತ್ರಿ ಬೆಂಕಿಯ ಕಾವಿನಲ್ಲಿ ಬೇಯಿಸಿ ಮಾರುವವರು. ಆ ಸಲ ಹರಾಜಿನಲ್ಲಿ ಒಳ್ಳೆ ಬೆಲೆ ಸಿಕ್ಕಿದ್ದೇ ತಡ, ಮನಸ್ಸು ಬದಲಾಗುವ ಮೊದಲು ನಂಜಮ್ಮ ಟೂರಿಗೆ ಹೆಸರು ಬರೆಸಿಬಿಟ್ಟಿದ್ದರು. ವಿಮಾನ ಮೇಲೇಳುವಾಗ ನಂಜಮ್ಮ ಚಂದ್ರಪ್ರಭಾಳ ಕೈಯನ್ನು ಹಿಡಿದವರು ಬ್ಯಾಂಕಾಕಿನಲ್ಲಿ ಇಳಿದ ಮೇಲೂ ಬಿಡಲಿಲ್ಲ. ಅಷ್ಟರಲ್ಲಿ ಇಬ್ಬರೂ ಅಕ್ಕತಂಗಿಯರಂತೆ ಆಗಿದ್ದರು.

ಊರು ಚೆನ್ನಾಗಿತ್ತು. ಅಗಲವಾದ ಹೊಳೆ, ಹೊಳೆಯಲ್ಲಿ ಬಸ್ಸಿನ ಹಾಗೆ ಓಡಾಡುವ ದೋಣಿ, ಬಣ್ಣದ ಹೆಂಚಿನ ದೇವಸ್ಥಾನಗಳು. ಸೆಕೆ ಮಾತ್ರ ಹಬೆಯಾಡುವ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಿತ್ತು. ಮಲಗಿದ ದೊಡ್ಡ ಬುದ್ಧನ ಪಾದದ ಹತ್ತಿರ ನಿಂತು ನಂಜಮ್ಮ, “ಇಷ್ಟುದ್ದ ಕಾಲ್ ಚಾಚ್ಕೊಂಡು ಮನೀಕಳಕ್ಕೂ ಪುಣ್ಯ ಮಾಡಿರ್ಬೇಕು ಕಣಕ್ಕ. ನಮ್ಗೆ ಸೊಪ್ಪು ಬೇಯ್ಸೋ ಟೇಮ್ನಾಗೆ ಕುಂತ್ರೆ ಮನೀಕಳಂಗಿಲ್ಲ, ಮನೀಕಂಡ್ರೆ ಏಳಂಗಿಲ್ಲ” ಅಂದರು. ಚಂದ್ರಪ್ರಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳು ಅಂಗಡಿ ಬಾಗಿಲು ಮುಚ್ಚುವ ಹೊತ್ತು ನೋಡಿಕೊಳ್ಳದೆ ನಿಂತು ಒಂದು ವಸ್ತುವನ್ನು ನೋಡಿದ್ದಳು.

ಮಾವಿನ ಹಣ್ಣು ಮಾತ್ರ ಹೋದಲ್ಲೆಲ್ಲ ಎದುರಾಗುತ್ತಿತ್ತು. ಗಲ್ಲಿಗೊಂದು ಗಾಡಿ. ಉದ್ದನೆಯ ಅರಿಸಿನ ಬಣ್ಣದ ಹಣ್ಣು, ಸಿಪ್ಪೆ ಹೆರೆದು, ಹೋಳು ಮಾಡಿ, ಡಬ್ಬಿಯಲ್ಲಿ ಜೋಡಿಸಿ ಕೊಡುತ್ತಿದ್ದರು. ಎರಡನೆಯ ದಿನ ನಂಜಮ್ಮ ಒಂದು ಹೋಳನ್ನು ಅವಳ ಬಾಯಿ ಹತ್ತಿರವೇ ತಂದರು. ಆಗ ಚಂದ್ರಪ್ರಭಾ, ಅದುವರೆಗೆ ಹೆತ್ತ ಮಗಳಿಗೂ ಹೇಳದ ಸಂಗತಿಯನ್ನು, ಮೊನ್ನೆ ಪರಿಚಯವಾದ ನಂಜಮ್ಮನಿಗೆ ಹೇಳಿಬಿಟ್ಟಳು.

ನಂಜಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ನಮ್ಮವ್ವ! ಮೂವತ್ತೆಂಟು ವರ್ಸ ಮಾವಿನಣ್ಣು ತಿನ್ನದೇ ಬದುಕಿದ್ದೀಯಾ? ಈಗೇನು ಬುಡು, ಬಂದಾಯ್ತಲ್ಲ, ತಿನ್ನು.”

“ಈಗಲ್ಲ ನಂಜಮ್ಮ. ಹೊರಡೋ ದಿನ ತಿನ್ತೀನಿ. ಇನ್ನೂ ಎರಡು ದಿನ ಇದೆ. ನಮ್ಮನೆಯವರ ‘ಒಂದೇ ನಿಮಿಷ’ ಯಾವ ಗಳಿಗೇಲಿ ಬರುತ್ತೋ ಯಾರು ಕಂಡೋರು?”

“ಅಂಗಾದ್ರೆ ನಾನೂ ಒಂದ್ ಕಣ್ಣು ಮಡಗಿರ್ತೀನಿ ಬುಡು” ಎಂದು ನಂಜಮ್ಮ ಪೊಲೀಸ್ ಕೆಲಸ ವಹಿಸಿಕೊಂಡರು.

ಕಣ್ಣಿಡುವುದಕ್ಕೆ ಏನೂ ಸಿಗಲಿಲ್ಲ. ನೇಮಿರಾಜ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಳದಿ ಬಾವುಟದ ಹಿಂದೆ, ಇನ್ಸ್‌ಪೆಕ್ಟರು ಬಂದ ಸ್ಕೂಲಿನ ಹುಡುಗನ ಹಾಗೆ ನಡೆಯುತ್ತಿದ್ದ. ತೋರಿಸಿದ್ದನ್ನು ನೋಡುತ್ತಿದ್ದ. “ಚೆನ್ನಾಗಿದೆ” ಎನ್ನುತ್ತಿದ್ದ. ರಸ್ತೆ ಬದಿಯಲ್ಲಿ ಆಳೆತ್ತರದ ಬಾಣಲೆಗಳನ್ನು ಪೇರಿಸಿಟ್ಟಿದ್ದ ಅಂಗಡಿ ಬಂದಾಗ ಚಂದ್ರಪ್ರಭಾ ‘ಒಂದೇ ನಿಮಿಷ’ಕ್ಕೆ ಸಜ್ಜಾಗಿ ನಿಂತಳು. ಅವನು ತಲೆಯನ್ನು ರಸ್ತೆಯ ಆ ಕಡೆಗೆ ತಿರುಗಿಸಿಕೊಂಡು ದಾಟಿಬಿಟ್ಟ. ಮೊದಲ ದಿನ ಅವಳಿಗೆ ಇದರಿಂದ ಹೆಮ್ಮೆಯಾಯಿತು. ಎರಡನೆಯ ದಿನ ಅನುಮಾನ ಬಂತು. ಮೂರನೆಯ ದಿನ, ಹೋಟೆಲಿನ ಕಿಟಕಿ ಹತ್ತಿರ ಅವನು ಏನನ್ನೂ ನೋಡದೆ ಕೂತಿದ್ದನ್ನು ಕಂಡಾಗ, ಕಾರಣ ಗೊತ್ತಾಗದ ದುಃಖವಾಯಿತು. ಮದರಾಸಿನ ಬೀದಿಯಲ್ಲಿ ಬಿಸಿಲಲ್ಲಿ ಅವಳನ್ನು ದರದರ ಎಳೆದುಕೊಂಡು ಹೋಗಿ, “ನೋಡಿಲ್ಲಿ ಚಂದ್ರಾ, ಈ ಅಂಚು ಹೆಂಗೆ ಮಡಿಸಿದಾರೆ ನೋಡು” ಎಂದು ಕೂಗುತ್ತಿದ್ದ ಮನುಷ್ಯ ಅವಳಿಗೆ ನೆನಪಾದ. ಅವತ್ತು ಅವನನ್ನು ಬೈದುಕೊಂಡೇ ಓಡಿದ್ದಳು. ಈಗ ಆ ಬೈಗುಳವೂ ಬೇಕು ಅನಿಸಿತು.

ನಾಲ್ಕನೆಯ ದಿನ ರಾತ್ರಿಗೆ ವಿಮಾನ. ಮಧ್ಯಾಹ್ನ ಮೂರೂವರೆಗೆ ಗೌರೀಶ ಎಲ್ಲರನ್ನೂ ಒಂದು ಗುಡ್ಡದ ಬಳಿಗೆ ತಂದ. ಮುನ್ನೂರು ಚಿಲ್ಲರೆ ಮೆಟ್ಟಿಲು, ತುದಿಯಲ್ಲಿ ಚಿನ್ನದ ಬಣ್ಣದ ಸ್ತೂಪ. ಬೆಳಗೊಳದ ಬೆಟ್ಟ ಹತ್ತಿ ಅಭ್ಯಾಸವಿದ್ದವರಿಗೆ ಇದೇನು ಮಹಾ ಎಂದು ಚಂದ್ರಪ್ರಭಾ ಹೊರಟಳು. ದಾರಿಯುದ್ದಕ್ಕೂ ಸಾಲಾಗಿ ಗಂಟೆಗಳನ್ನು ತೂಗುಹಾಕಿದ್ದರು. ಹತ್ತುವವರೆಲ್ಲ ಒಂದೊಂದನ್ನೂ ಬಾರಿಸುತ್ತಾ ಹೋಗಬೇಕು. ದೇವರಾಜು ಒಂದನ್ನೂ ಬಿಡದೆ ಬಾರಿಸಿದರು. ಸಣ್ಣ ಮಕ್ಕಳೂ ಬಾರಿಸಿದರು. ನೇಮಿರಾಜ ಬೆನ್ನ ಹಿಂದಿನ ಕೈ ತೆಗೆಯದೆ ಅಷ್ಟೂ ಗಂಟೆಗಳ ಪಕ್ಕದಲ್ಲಿ ನಡೆದು ಹೋದ. ಲೋಹ ಕಂಡರೆ ಬೆರಳು ತಡೆಯದ ಮನುಷ್ಯ, ಮದುವೆ ಮಂಟಪದಲ್ಲಿ ತಾಳಿ ಕಟ್ಟುವ ಮೊದಲು ಕಳಶದ ಚೊಂಬನ್ನು ತಟ್ಟಿ ನೋಡಿದ್ದ ಮನುಷ್ಯ! ಹಿಂದೆ ಹತ್ತುತ್ತಿದ್ದ ಚಂದ್ರಪ್ರಭಾ ಆ ಕೈಗಳನ್ನೇ ನೋಡಿದಳು. ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು, ಬೆರಳು ಬಿಳಿಚುವಷ್ಟು ಬಿಗಿಯಾಗಿ.

ಮೇಲೆ ನಿಂತು ಗೌರೀಶ ಊರನ್ನು ತೋರಿಸಿದ. “ಅಕೋ ಆ ಕೆಳಗಿನ ಗಲ್ಲಿ ಕಾಣುತ್ತಲ್ಲ, ಅಲ್ಲಿ ಇವರ ಸನ್ಯಾಸಿಗಳ ಭಿಕ್ಷಾಪಾತ್ರೆ ಮಾಡ್ತಾರೆ. ಎಂಟು ತುಂಡು ತಗಡು ಸೇರಿಸಿ, ಕೈಯಲ್ಲೇ ಬಡಿದು ಮಾಡೋದು. ಮಾಡೋ ಮನೆಗಳು ಈಗ ನಾಲ್ಕೈದು ಉಳಿದಿವೆ ಅಷ್ಟೆ.” ಎಲ್ಲರೂ ಒಂದು ಕ್ಷಣ ಆ ಕಡೆ ನೋಡಿ, ಫೋಟೋ ತೆಗೆಯಲು ತಿರುಗಿದರು. ನೇಮಿರಾಜ ತಿರುಗಲಿಲ್ಲ. ಯಾರಿಗೋ ಹೇಳುವ ಹಾಗೆ, “ನಮ್ಮ ಮುನಿಗಳಿಗೆ ಪಾತ್ರೇನೇ ಬೇಡ. ಕೈಯೇ ಪಾತ್ರೆ” ಅಂದ.

ಇಳಿದು ಬಂದಾಗ ಐದು ಗಂಟೆ. ಗುಡ್ಡದ ಬುಡದಲ್ಲಿ ಮಾವಿನ ಗಾಡಿ. ನಂಜಮ್ಮ ಎರಡು ಡಬ್ಬಿ ಕೊಂಡು, ಒಂದನ್ನು ಚಂದ್ರಪ್ರಭಾಳ ಕೈಯಲ್ಲಿಟ್ಟರು. “ತಕಳಕ್ಕ. ಇನ್ಯಾತಕ್ಕೆ ಕಾಯೋದು? ನಾಕ್ ದಿನದಿಂದ ನೋಡ್ತಿವ್ನಿ, ಸಾವ್ಕಾರ್ರು ಒಂದ್ ಚಮಚನೂ ಮುಟ್ಟಿಲ್ಲ. ಒತ್ತು ಮುಳುಗುದ್ರೆ ನೀನು ತಿನ್ನಂಗಿಲ್ಲ, ಆಮೇಲೆ ಇಮಾನ ಹತ್ತೋದೇಯ.” ಮಾತು ನಿಜ. ಸೂರ್ಯ ಮುಳುಗಿದ ಮೇಲೆ ಗಂಡಹೆಂಡತಿ ಇಬ್ಬರೂ ಏನೂ ತಿನ್ನುವವರಲ್ಲ. ಇನ್ನು ಒಂದೂವರೆ ಗಂಟೆ ಹೊತ್ತಿತ್ತು. ಚಂದ್ರಪ್ರಭಾ ಮುಚ್ಚಳ ತೆಗೆದಳು. ವಾಸನೆ ಬಂದದ್ದೇ ತಡ, ಬಾಯಲ್ಲಿ ನೀರು ಬರುವ ಬದಲು ಕಣ್ಣಲ್ಲಿ ಬಂತು.

ಅಷ್ಟರಲ್ಲಿ ರಸ್ತೆಯಾಚೆಯ ಗಲ್ಲಿಯಿಂದ ಸುತ್ತಿಗೆಯ ಶಬ್ದ ಕೇಳಿಸಿತು. ಟಣ್, ಟಣ್, ಟಣ್. ನೇಮಿರಾಜ ನಿಂತ. ಅವನ ತಲೆ ಎಡಕ್ಕೆ ವಾಲಿತು, ಅಂಗಡಿಯಲ್ಲಿ ವಾಲುತ್ತಿದ್ದ ಹಾಗೆಯೇ. ಆಮೇಲೆ ಅವನು ತಲೆ ನೆಟ್ಟಗೆ ಮಾಡಿಕೊಂಡು, “ಬಾ ಚಂದ್ರಾ, ವ್ಯಾನ್ ಕಾಯ್ತಿರುತ್ತೆ” ಅಂದ.

“ವ್ಯಾನ್ ಬರೋದು ಆರೂವರೆಗೆ. ಹೋಗಿ ನೋಡಿ ಬನ್ನಿ.”

“ಬೇಡ. ಈ ಸಲ ಬರೀ ಊರು ನೋಡೋಕೆ ಬಂದಿರೋದು.”

“ಹಾಗಂತ ಯಾರು ಹೇಳಿದ್ದು?”

“ನೀನೇ ಹೇಳಿದ್ದು. ಮುನಿಗಳ ಮುಂದೆ.”

ನೇಮಿರಾಜ ನೆಲ ನೋಡುತ್ತಾ ಹೇಳಿದ: “ಗಂಡಸರ ಸಾಲಲ್ಲಿ ಕಂಬದ ಪಕ್ಕದಲ್ಲೇ ಇದ್ದೆ. ನಿನ್ನ ದನಿ ಸಣ್ಣದೇನಲ್ಲ.”

“ಗೊತ್ತಿತ್ತಾ? ಗೊತ್ತಿದ್ದೂ ಮೂವತ್ತೆಂಟು ವರ್ಷ ಸುಮ್ನಿದ್ರಾ?” ಅವಳ ದನಿ ಏರಿತು. ಗಾಡಿಯ ಹೆಂಗಸು ಚಾಕು ನಿಲ್ಲಿಸಿ ನೋಡಿದಳು. ನಂಜಮ್ಮ ಗಂಡನ ತೋಳು ಹಿಡಿದು ಎರಡು ಹೆಜ್ಜೆ ದೂರ ಸರಿದರು, ಆದರೆ ಮಾತು ಕೇಳಿಸದಷ್ಟು ದೂರ ಅಲ್ಲ.

“ಪ್ರತಿ ಯುಗಾದೀಲೂ ಅಂದ್ಕೋತಿದ್ದೆ, ಈ ವರ್ಷ ಕರ್ಕೊಂಡು ಹೋಗ್ಬೇಕು ಅಂತ. ಕೆಲಸ ಇಲ್ಲದೆ ಒಂದೂರಿಗೆ ಹೋಗೋದು ಹೆಂಗೆ ಅಂತ ನಂಗೆ ತಿಳೀಲಿಲ್ಲ ಚಂದ್ರಾ. ಹೋಗಿ ಎಲ್ಲಿ ನಿಂತ್ಕೋತಾರೆ? ಯಾರನ್ನ ಮಾತಾಡಿಸ್ತಾರೆ? ಎಲ್ಲೋ ಒಂದು ಪಾತ್ರೆ ಅಂಗಡಿ ಇದೆ ಅಂದ್ರೆ ನಂಗೆ ಆ ಊರಿಗೆ ಹೋಗೋ ಧೈರ್ಯ ಬರ್ತಿತ್ತು. ನಿಂಗೆ ಹೇಳೋಕೆ ನಾಚಿಕೆ ಆಗೋದು.”

ಚಂದ್ರಪ್ರಭಾಳಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಅವನ ಮೇಲೋ, ಬಾಯಿಬಿಟ್ಟು ಒಂದು ಸಲವೂ ಕೇಳದ ತನ್ನ ಮೇಲೋ ಗೊತ್ತಾಗಲಿಲ್ಲ. ಡಬ್ಬಿ ಹಿಡಿದುಕೊಂಡೇ ಸರಸರ ರಸ್ತೆ ದಾಟಿ ಗಲ್ಲಿಗೆ ನುಗ್ಗಿದಳು. ಹಿಂದೆ ನೇಮಿರಾಜ, ಅವನ ಹಿಂದೆ ದೇವರಾಜು, ನಂಜಮ್ಮ.

ಗಲ್ಲಿ ಕಿರಿದು. ಮನೆಯ ಮುಂದಿನ ಜಗುಲಿಯಂಥ ಜಾಗದಲ್ಲಿ ಒಬ್ಬ ಹೆಂಗಸು ಕೂತು ಬಡಿಯುತ್ತಿದ್ದಳು. ವಯಸ್ಸು ಚಂದ್ರಪ್ರಭಾಳಷ್ಟೇ ಇರಬಹುದು. ಪಕ್ಕದ ಹಲಗೆಯ ಮೇಲೆ ಕಪ್ಪು ಬಣ್ಣದ ಗುಂಡನೆಯ ಪಾತ್ರೆಗಳು ಸಾಲಾಗಿದ್ದವು. ಚಂದ್ರಪ್ರಭಾ ಒಂದನ್ನು ಎತ್ತಿ ಗಂಡನ ಮುಂದೆ ಹಿಡಿದು, “ತಟ್ಟಿ” ಅಂದಳು.

“ತಟ್ಟಿದ್ರೆ ನಿನ್ನ ಹಣ್ಣು...”

“ತಟ್ಟಿ ಅಂದೆ.”

ನೇಮಿರಾಜ ಬೆನ್ನ ಹಿಂದಿನಿಂದ ಕೈ ತೆಗೆದ. ಪಾತ್ರೆಯನ್ನು ಅಂಗೈ ಮೇಲೆ ಕೂರಿಸಿಕೊಂಡು, ಬೆರಳು ಮಡಿಸಿ, ಗೆಣ್ಣಿನಿಂದ ಒಂದು ಸಲ ತಟ್ಟಿದ. ಸದ್ದು ತುಂಬ ಹೊತ್ತು ನಿಂತಿತು. ಕೂತಿದ್ದ ಹೆಂಗಸು ಸುತ್ತಿಗೆ ಕೆಳಗಿಟ್ಟು ಮುಖವೆತ್ತಿದಳು. ಬಂದ ಗಿರಾಕಿಗಳೆಲ್ಲ ಪಾತ್ರೆಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದರೇನೋ, ಈ ಕೈ ಬೇರೆ ಎಂದು ಅವಳಿಗೆ ತಿಳಿದುಹೋಯಿತು. ಅವಳೇ ಎದ್ದು ಇನ್ನೊಂದು ಕೊಟ್ಟಳು. ಅವನು ತಟ್ಟಿ ತಲೆಯಾಡಿಸಿದ. ಮೂರನೆಯದನ್ನು ತಟ್ಟಿದವನು ಮುಖ ಕಿವುಚಿ, ಎರಡು ತಗಡು ಸೇರುವ ಕಡೆ ಬೆರಳಿಟ್ಟು ತೋರಿಸಿದ. ಅವಳು ಅದನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಹುಡುಕಿದಳು, ಕೂದಲೆಳೆಯಂಥ ಗೆರೆಯೊಂದು ಸಿಕ್ಕಿತು. ಆಮೇಲೆ ಜೋರಾಗಿ ನಕ್ಕು ಒಳಗಿದ್ದವರನ್ನು ಕೂಗಿ ಕರೆದಳು. ಇಬ್ಬರು ಬಂದು ನಿಂತರು. ನೇಮಿರಾಜ ಅವರಿಗೆ ಕನ್ನಡದಲ್ಲೇ, “ಬೆಸುಗೆ ಇಲ್ಲಿ ಸಾಲದು, ಇನ್ನೊಂದು ಸುತ್ತು ಕಾಯಿಸ್ಬೇಕು” ಎಂದು ವಿವರಿಸಿದ. ಅವರು ಅವರ ಮಾತಿನಲ್ಲಿ ಉತ್ತರ ಕೊಟ್ಟರು. ಎರಡೂ ಕಡೆಯವರಿಗೆ ಎಲ್ಲವೂ ಅರ್ಥವಾದಂತಿತ್ತು.

ಚಂದ್ರಪ್ರಭಾ ಕಂಬಕ್ಕೆ ಒರಗಿ ನಿಂತು ನೋಡಿದಳು. ಅವನ ಬೆನ್ನು ನೆಟ್ಟಗಾಗಿತ್ತು, ಮಂಡಿ ನೋವು ಎಲ್ಲಿ ಹೋಯಿತೋ. ಸಂಕ್ರಾಂತಿಯಿಂದ ಮನೆಯಲ್ಲಿ ಇಲ್ಲದ ಮನುಷ್ಯ ಇಲ್ಲಿ ಸಿಕ್ಕಿದ್ದ. ಅವಳಿಗೆ ಆ ಗಲ್ಲಿಯಲ್ಲೇ ಕೂತು ಅತ್ತುಬಿಡಬೇಕು ಅನಿಸುವಷ್ಟು ಸಂತೋಷವಾಯಿತು.

ಪಾತ್ರೆ ಮಾಡುವ ಹೆಂಗಸು ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ ಅವನ ಕೈಯಲ್ಲಿಟ್ಟು, ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸಿದಳು. ನೇಮಿರಾಜ ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ನಂತರ ಅವನು ಪಾತ್ರೆಯನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟು, ಬೇಡ ಎಂದು ಕೈಯಾಡಿಸಿದ.

“ತಗೊಂಡು ಏನ್ಮಾಡೋದು? ಎಲ್ಲಿಡೋದು, ಯಾರಿಗೆ ಮಾರೋದು?” ಎಂದು ಹೆಂಡತಿಯ ಕಡೆ ತಿರುಗಿದ. ನಗಲು ನೋಡಿದ. “ನೀನು ಹಣ್ಣು ತಿನ್ನು ಚಂದ್ರಾ. ನಿನ್ನ ನಿಯಮ ಕೆಟ್ಟಿಲ್ಲ. ಇದು ಕೆಲಸ ಅಲ್ಲ. ಇನ್ಮೇಲೆ ನಂಗೆ ಯಾವ ಊರಲ್ಲೂ ಕೆಲಸ ಇಲ್ಲ.”

ನಂಜಮ್ಮ ಹಿಂದಿನಿಂದ, “ಸರಿಯಾಗೇ ಏಳಿದ್ರು ಕಣಕ್ಕ, ತಿನ್ನು ತಿನ್ನು” ಅಂದರು.

ಚಂದ್ರಪ್ರಭಾ ಡಬ್ಬಿಯನ್ನು ನೋಡಿದಳು. ಅವನ ಮಾತು ಸರಿಯಾಗಿತ್ತು, ಕೂದಲು ಸೀಳುವ ಜಡ್ಜಿಗೂ ಒಪ್ಪಿಗೆಯಾಗುವಷ್ಟು ಸರಿಯಾಗಿತ್ತು. ಇವನಿಗೆ ಯಾವ ಕೆಲಸವೂ ಇಲ್ಲದ ಒಂದು ದಿನ ಬರಲಿ ಎಂದು ಮೂವತ್ತೆಂಟು ಬೇಸಿಗೆ ಬಾಯಿ ಕಟ್ಟಿ ಕಾದಿದ್ದಳು. ಕೇಳಿದ್ದು ಬಂದಿತ್ತು. ಅದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇದನ್ನು ತಿಂದರೆ ಇವನ ಮಾತಿಗೆ ಹೌದು ಎಂದಂತೆ. ಇನ್ನು ನಿಮಗೆ ಕೆಲಸವಿಲ್ಲ, ನಿಜ, ಎಂದು ತಾನೇ ಮೊಹರು ಒತ್ತಿದಂತೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಮೂರು ಬೇಕು” ಅಂದಳು.

“ಏನು?”

“ಪಾತ್ರೆ. ಮೂರು ಬೇಕು. ಕ್ಷಮಾಗೊಂದು, ನಂಜಮ್ಮನಿಗೊಂದು, ನಮ್ಮನೇಲಿ ಅಕ್ಕಿ ಅಳೆಯೋಕೊಂದು. ಕೆಮ್ಮೋದು ತಂದ್ಗಿಂದೀರಾ, ಒಂದೊಂದೂ ತಟ್ಟಿ ಆರಿಸಿ. ಆಕೆ ಹೇಳಿದ ರೇಟಿಗೆ ಕೊಡೋಕೆ ನಮಗೇನು ಹುಚ್ಚು ಹಿಡಿದಿದ್ಯಾ? ಕೂತ್ಕೊಂಡು ಮಾತಾಡಿ.”

“ಚಂದ್ರಾ, ತಗೊಂಡ್ರೆ ಇದು ವ್ಯಾಪಾರ ಆಗೋಯ್ತು. ನಿನ್ನ ನಿಯಮ...”

“ನಿಯಮ ನಂದು, ನಾನು ನೋಡ್ಕೋತೀನಿ. ನಿಮ್ಮ ಕೆಲಸ ನೀವು ನೋಡಿ.”

ನೇಮಿರಾಜ ಅವಳ ಮುಖ ನೋಡಿದ. ಹತ್ತಿರವಿದ್ದ ಮೋಟು ಸ್ಟೂಲನ್ನು ಎಳೆದುಕೊಂಡು, ಪಾತ್ರೆ ಮಾಡುವವಳ ಎದುರಿಗೆ ಕೂತು, ಷರಟಿನ ತೋಳು ಮಡಿಸಿದ. ಅವಳೂ ಗೆಲುವಾಗಿ ಎದುರು ಕೂತು ಕ್ಯಾಲ್ಕುಲೇಟರ್ ನಡುವೆ ಇಟ್ಟಳು. ಅವನು ಒಂದು ಅಂಕಿ ಒತ್ತಿದ, ಅವಳು ಎದೆಗೆ ಕೈಯಿಟ್ಟುಕೊಂಡು ಸತ್ತೇಹೋದವಳಂತೆ ನಟಿಸಿದಳು. ಇಬ್ಬರೂ ಹಳೆಯ ಹುಲಿಗಳು, ಬೇಗ ಮುಗಿಯುವ ವ್ಯವಹಾರವಾಗಿರಲಿಲ್ಲ. ಗಲ್ಲಿಯ ಗೋಡೆಯ ಮೇಲೆ ಬಿಸಿಲು ಮೇಲೇರಿ ಕೆಂಪಾಗುತ್ತಿತ್ತು.

ದೇವರಾಜು ಆಕಾಶ ನೋಡಿ, “ಒತ್ತು ಮುಳುಗ್ತಾ ಐತೆ ಕಣಮ್ಮೋ” ಎಂದು ಎಚ್ಚರಿಸಿದರು. ನಂಜಮ್ಮನಿಗೆ ತಡೆಯಲಾಗಲಿಲ್ಲ. ಚಂದ್ರಪ್ರಭಾಳ ಭುಜ ಅಲ್ಲಾಡಿಸಿದರು. “ಅಕ್ಕ, ಇನ್ನೇನ್ ಐದ್ ನಿಮ್ಸ. ಒಂದ್ ಓಳಾದ್ರೂ ಬಾಯಿಗೆ ಆಕ್ಕೊಬಾರ್ದಾ? ಇಷ್ಟ್ ವರ್ಸ ಕಾದಿದ್ದೀಯಲ್ಲವ್ವ!”

ಚಂದ್ರಪ್ರಭಾ ಮಾವಿನ ಡಬ್ಬಿಯನ್ನು ನಂಜಮ್ಮನ ಕೈಗೆ ಕೊಟ್ಟು, ಜಗುಲಿಯ ಅಂಚಿನ ಮೇಲೆ ಆರಾಮಾಗಿ ಕೂತಳು.

“ನೀವಿಬ್ರೂ ತಿನ್ನಿ ನಂಜಮ್ಮ. ನಮ್ಮದು ಲೇಟಾಗುತ್ತೆ. ನಮ್ಮನೆಯೋರಿಗೆ ಈ ಊರಲ್ಲಿ ಸ್ವಲ್ಪ ಕೆಲಸ ಇದೆ.”